ಕಂಡವರ ಮಾತು, ಕಾಣದವರ ಅರಿವು

ಅಂತಾರಾಷ್ಟ್ರೀಯ ಪತ್ರಿಕೋದ್ಯಮ ಎಂಬ ಹೆಸರಿನಲ್ಲೇ ಸ್ನಾತಕೋತ್ತರ ಪದವಿ ಕೊಡುವ ವಿಶ್ವವಿದ್ಯಾಲಯಗಳು ಇಂದು ಹಲವು. ಲಂಡನ್ನಿನ ಸಿಟಿ, ವೇಲ್ಸ್‌ನ ಕಾರ್ಡಿಫ್ ಅವುಗಳಲ್ಲಿ ಹೆಸರಾದವು. ನಮ್ಮಲ್ಲಿಯೂ, 1965ರಲ್ಲಿ ದೆಹಲಿಯಲ್ಲಿ ಶುರುವಾದ ಭಾರತೀಯ ಸಮೂಹ ಸಂವಹನ ಸಂಸ್ಥೆ ಆಫ್ರಿಕಾ, ಏಷ್ಯಾ ದೇಶಗಳ ಪತ್ರಕರ್ತರಿಗಾಗಿ ಅಭಿವೃದ್ಧಿ ಪತ್ರಿಕೋದ್ಯಮದ ತರಗತಿಗಳನ್ನು ನಡೆಸುತ್ತ ಬಂದಿದೆ. ಇಂಥ ತರಗತಿಗಳಲ್ಲಿ ಏನು ಕಲಿಸುತ್ತಾರೆಂದು ಕೇಳಿದರೆ ಸಿಗುವ ಉತ್ತರ ಕಸುಬಿನದು: ವರದಿ ಬರೆಯುವ ಬಗೆ, ಸಂದರ್ಶನ, ಧ್ವನಿ ಮತ್ತು ವಿಡಿಯೊ ಸಂಕಲನ, ಮಾಧ್ಯಮ ಕಾನೂನು, ಯುದ್ಧಭೂಮಿಯಲ್ಲಿ ಇರಬೇಕಾದ ಎಚ್ಚರ, ಕೊನೆಗೊಂದು ಪ್ರಬಂಧ. ಒಂದೆರಡು ವರ್ಷದಲ್ಲಿ ಇಷ್ಟನ್ನೂ ಮುಗಿಸುವ ಅವಸರದಲ್ಲಿ ಇದೆಲ್ಲದರ ಬುಡದಲ್ಲಿರುವ ಪ್ರಶ್ನೆ ಹಿಂದೆ ಸರಿಯುತ್ತದೆ. ನಾನು ಕಾಣದ ಊರಿನಲ್ಲಿ, ನನಗೆ ಬಾರದ ಭಾಷೆಯಲ್ಲಿ ನಡೆದುದನ್ನು, ನಾನೆಂದೂ ಭೇಟಿಯಾಗದ ಒಬ್ಬರ ಮಾತಿನಿಂದ ತಿಳಿದುಕೊಂಡಾಗ ಅದು ಅರಿವೇ, ಬರೀ ನಂಬಿಕೆಯೇ? ಪಕ್ಕದ ಊರಿನ ಸುದ್ದಿಯಾದರೆ ಹೋಗಿ ನೋಡಿಬರಬಹುದು, ಕಂಡವರನ್ನು ಇನ್ನೊಮ್ಮೆ ವಿಚಾರಿಸಬಹುದು. ಸುಡಾನಿನ ಸುದ್ದಿಯ ಮುಂದೆ ಓದುಗನಿಗೆ ಅಂಥ ದಾರಿಗಳಿಲ್ಲ. ಆದ್ದರಿಂದ ಈ ಪದವಿಯ ತಿರುಳು ಬರವಣಿಗೆಗಿಂತ ಆಳದ್ದು ಎಂಬುದು ನನ್ನ ವಾದ. ಯಾರ ಮಾತನ್ನು ಅರಿವಿನ ಮೂಲವೆಂದು ಒಪ್ಪಬಹುದು, ಯಾರದನ್ನು ಒಪ್ಪಲಾಗದು ಎಂಬ ವಿವೇಕ ಅದು. ತಾನೇ ಸಾಕ್ಷಿಯಾಗಬೇಕೆಂಬ ಹಂಬಲಕ್ಕೆ ಮುಂಚೆ, ಅಲ್ಲಿ ಈಗಾಗಲೇ ಇರುವ ಸಾಕ್ಷಿಯನ್ನು ಗುರುತಿಸಲು ವಿದ್ಯಾರ್ಥಿ ಕಲಿಯಬೇಕು.

ಈ ಪ್ರಶ್ನೆಯನ್ನು ಭಾರತದ ದಾರ್ಶನಿಕರು ಬಹಳ ಹಿಂದೆಯೇ ಬಿಡಿಸಿ ನೋಡಿದ್ದಾರೆ. ನ್ಯಾಯದರ್ಶನ ಅರಿವಿಗೆ ನಾಲ್ಕು ಪ್ರಮಾಣಗಳನ್ನು ಒಪ್ಪುತ್ತದೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಕೊನೆಯದಾದ ಶಬ್ದಪ್ರಮಾಣವೆಂದರೆ ಬಾಯಿಗೆ ಬಂದಂತೆ ಆಡಿದ ಮಾತಲ್ಲ. ಆಪ್ತ ಎನಿಸಿಕೊಂಡವನ ಮಾತು. ಆಪ್ತ ಯಾರು ಎಂಬುದಕ್ಕೆ ಸುಮಾರು 5ನೇ ಶತಮಾನದ ಭಾಷ್ಯಕಾರ ವಾತ್ಸ್ಯಾಯನ ಕೊಡುವ ವಿವರಣೆಯಲ್ಲಿ ಮೂರು ಅಂಶಗಳಿವೆ. ಹೇಳುವವನು ವಿಷಯವನ್ನು ತಾನೇ ನೇರವಾಗಿ ಕಂಡಿರಬೇಕು. ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆ ಅವನಲ್ಲಿರಬೇಕು. ಆ ಇಚ್ಛೆಯಿಂದಲೇ ಮಾತಾಡಲು ಹೊರಟಿರಬೇಕು. ಪಾಂಡಿತ್ಯ, ಕುಲ, ಪದವಿ ಯಾವುದೂ ಇದರಲ್ಲಿ ಬರುವುದಿಲ್ಲ. ಇದಾದ ಕೂಡಲೇ ವಾತ್ಸ್ಯಾಯನ ಇನ್ನೊಂದು ಮಾತು ಸೇರಿಸುತ್ತಾನೆ: ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವಾಗಿ ಸಲ್ಲುತ್ತದೆ. ವೇದವನ್ನು ಪ್ರಮಾಣವೆಂದು ಎತ್ತಿಹಿಡಿಯುವ ದರ್ಶನವೊಂದು, ಶಿಷ್ಟಸಮಾಜ ಹೊರಗಿಟ್ಟವನ ಮಾತಿಗೂ ಋಷಿಯ ಮಾತಿಗೂ ನಂಬಿಕೆಯ ಅಳತೆಗೋಲು ಒಂದೇ ಎಂದು ಹೇಳುವುದು ಸಣ್ಣ ಸಂಗತಿಯಲ್ಲ. ಆ ಸಮಾಜ ಬದುಕಿನಲ್ಲಿ ಮ್ಲೇಚ್ಛನನ್ನು ಸಮನಾಗಿ ಕಂಡಿತೆಂದು ಇದರಿಂದ ಸಾಬೀತಾಗುವುದಿಲ್ಲ, ಖಂಡಿತ ಇಲ್ಲ. ಆದರೆ ಅರಿವಿನ ವಿಷಯ ಬಂದಾಗ ಹೇಳುವವನ ಸ್ಥಾನಮಾನವನ್ನು ಲೆಕ್ಕಕ್ಕೆ ಹಿಡಿಯಬಾರದೆಂಬ ನಿಯಮವನ್ನು ತರ್ಕ ತನ್ನಷ್ಟಕ್ಕೆ ಕಂಡುಕೊಂಡಿತ್ತು. ಇಂದಿನ ವಿದೇಶಿ ವರದಿಗಾರಿಕೆ ಆ ನಿಯಮದ ಮುಂದೆ ನಿಲ್ಲಬಲ್ಲದೇ ಎಂದು ಪರೀಕ್ಷಿಸುವುದು ನ್ಯಾಯವೇ ಆಗಿದೆ.

ಮೊದಲ ಪರೀಕ್ಷೆಗೆ 1933ರ ಮಾರ್ಚ್ ತಿಂಗಳನ್ನು ತೆಗೆದುಕೊಳ್ಳೋಣ. ಸೋವಿಯತ್ ಉಕ್ರೇನಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸಾಯುತ್ತಿದ್ದರು. ಪರದೇಶದ ಪತ್ರಕರ್ತರು ಮಾಸ್ಕೊ ಬಿಟ್ಟು ಅತ್ತ ಹೋಗದಂತೆ ಸರ್ಕಾರ ತಡೆದಿತ್ತು. ಗರೆತ್ ಜೋನ್ಸ್ ಎಂಬ 27 ವರ್ಷದ ವೇಲ್ಸ್ ಯುವಕ ಖಾರ್ಕಿವ್ ಕಡೆಯ ರೈಲು ಹತ್ತಿ, ನಡುವೆಯೇ ಇಳಿದು, ಹಳ್ಳಿಯಿಂದ ಹಳ್ಳಿಗೆ ನಡೆದ. ವಿಶ್ವವಿದ್ಯಾಲಯದಲ್ಲಿ ಆತ ಕಲಿತ ರಷ್ಯನ್ ಭಾಷೆ ಅಲ್ಲಿ ಕೆಲಸಕ್ಕೆ ಬಂತು. ರೈತರ ಗುಡಿಸಲುಗಳಲ್ಲಿ ಮಲಗಿ, ಅವರು ಹೇಳಿದ್ದನ್ನು ದಿನಚರಿಯಲ್ಲಿ ಬರೆದುಕೊಂಡ. ಮಾರ್ಚ್ 29ರಂದು ಬರ್ಲಿನ್ನಿನಲ್ಲಿ ಪತ್ರಕರ್ತರ ಮುಂದೆ ತಾನು ಕಂಡದ್ದನ್ನು ಹೇಳಿದ. ಎರಡೇ ದಿನದಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮಾಸ್ಕೊ ಪ್ರತಿನಿಧಿ ವಾಲ್ಟರ್ ಡ್ಯುರಾಂಟಿ ಅದನ್ನು ಅಲ್ಲಗಳೆದು ಬರೆದ: ಜನರಿಗೆ ಹಸಿವಿದೆ, ಆದರೆ ಬರಗಾಲದ ಸಾವುಗಳಿಲ್ಲ ಎಂಬುದು ಅವನ ವರದಿಯ ಸಾರ. ಡ್ಯುರಾಂಟಿ ಆ ಕಾಲದ ಅತಿ ಖ್ಯಾತ ವಿದೇಶಿ ವರದಿಗಾರ. 1931ರ ಬರಹಗಳಿಗಾಗಿ ಹಿಂದಿನ ವರ್ಷವಷ್ಟೇ ಪುಲಿಟ್ಜರ್ ಪ್ರಶಸ್ತಿ ಪಡೆದಿದ್ದವನು. ಲೋಕ ಅವನನ್ನು ನಂಬಿತು. ಅವನಿಗೆ ನಿಜ ಗೊತ್ತಿರಲಿಲ್ಲವೆಂದಲ್ಲ. ಅದೇ ವರ್ಷ ಬ್ರಿಟಿಷ್ ರಾಯಭಾರ ಕಚೇರಿಯವರೊಡನೆ ಖಾಸಗಿಯಾಗಿ ಮಾತಾಡುವಾಗ, ಸತ್ತವರ ಸಂಖ್ಯೆ ಒಂದು ಕೋಟಿಯವರೆಗೂ ಇದ್ದೀತೆಂದು ಆತ ಹೇಳಿದ್ದು ದಾಖಲೆಯಲ್ಲಿದೆ. ಮಾಸ್ಕೊದಲ್ಲಿದ್ದ ಇನ್ನೊಬ್ಬ ಅಮೆರಿಕನ್ ವರದಿಗಾರ ಯೂಜಿನ್ ಲಯನ್ಸ್, ಜೋನ್ಸ್‌ನನ್ನು ಸುಳ್ಳುಗಾರನನ್ನಾಗಿ ಮಾಡಲು ತಾವೆಲ್ಲ ಕೈಜೋಡಿಸಿದೆವೆಂದು 1937ರ ತನ್ನ ಪುಸ್ತಕದಲ್ಲಿ ಒಪ್ಪಿಕೊಂಡ. ಬ್ರಿಟಿಷ್ ಎಂಜಿನಿಯರುಗಳ ಮೇಲಿನ ಮೊಕದ್ದಮೆಯೊಂದು ಆಗ ಶುರುವಾಗುವುದರಲ್ಲಿತ್ತು; ಅದನ್ನು ವರದಿ ಮಾಡಲು ಸೋವಿಯತ್ ಸೆನ್ಸಾರ್ ಅಧಿಕಾರಿಯ ಕೃಪೆ ಅವರಿಗೆ ಬೇಕಿತ್ತು. ವಾತ್ಸ್ಯಾಯನನ ಮೂರು ಅಂಶಗಳನ್ನು ಇಲ್ಲಿಟ್ಟು ನೋಡಿದರೆ ತಪ್ಪಿದ್ದೆಲ್ಲಿ ಎಂಬುದು ಸ್ಪಷ್ಟ. ಮಾಸ್ಕೊದ ವರದಿಗಾರರಿಗೆ ಅರಿವೂ ಇತ್ತು, ಬರೆಯುವ ಸಾಮರ್ಥ್ಯವೂ ಇತ್ತು. ಕಂಡಂತೆ ತಿಳಿಸುವ ಇಚ್ಛೆಯೊಂದು ಇರಲಿಲ್ಲ.

ಹಾಗಾದರೆ ಲೋಕ ಡ್ಯುರಾಂಟಿಯನ್ನು ಯಾಕೆ ನಂಬಿತು? ಅವನ ಖ್ಯಾತಿಗಾಗಿ. ಖ್ಯಾತಿ ನಂಬಿಕೆಗೆ ಆಧಾರವಾಗಬಹುದೇ ಎಂದು ಹಿಂದೆಯೇ ಕೇಳಿದವರಿದ್ದಾರೆ. ಕನ್ನಡದ ಜೈನ ಕವಿಗಳು ಕಾವ್ಯದ ಮೊದಲಲ್ಲಿ ಭಕ್ತಿಯಿಂದ ನೆನೆಯುವ ಸಮಂತಭದ್ರಾಚಾರ್ಯರ ಒಂದು ಕೃತಿಗೆ ಆಪ್ತಮೀಮಾಂಸೆ ಎಂದೇ ಹೆಸರು. ಯಾರು ನಂಬಲರ್ಹರು ಎಂಬ ಒಂದೇ ಪ್ರಶ್ನೆಗೆ ಮೀಸಲಾದ ಗ್ರಂಥ ಅದು. ದೇವತೆಗಳು ಬಂದು ಸೇವೆ ಮಾಡುವುದು, ಆಕಾಶದಲ್ಲಿ ಸಂಚರಿಸುವುದು, ಚಾಮರ ಬೀಸಿಸಿಕೊಳ್ಳುವುದು ಇವೆಲ್ಲ ಮಾಯಾವಿಗಳಲ್ಲಿಯೂ ಕಂಡುಬರುವುದರಿಂದ, ಅದಕ್ಕಾಗಿ ನೀನು ನಮಗೆ ದೊಡ್ಡವನಲ್ಲ ಎಂದು ಆಚಾರ್ಯರು ತಮ್ಮ ಆರಾಧ್ಯನಾದ ಜಿನನನ್ನೇ ಉದ್ದೇಶಿಸಿ ಗ್ರಂಥವನ್ನು ಆರಂಭಿಸುತ್ತಾರೆ. ದೋಷವಿಲ್ಲದಿರುವುದು, ಹೇಳಿದ ಮಾತು ಯುಕ್ತಿಗೆ ವಿರೋಧವಾಗದಿರುವುದು ಇವೇ ಮುಂದೆ ಅವರು ಒಪ್ಪುವ ಕಾರಣಗಳು. ಪೂಜಿಸುವ ದೇವರನ್ನೂ ವೈಭವದ ಮೇಲೆ ನಂಬಲೊಲ್ಲದ ಈ ನಿಷ್ಠುರತೆ ಪತ್ರಿಕೋದ್ಯಮದ ತರಗತಿಗೆ ಸೇರಬೇಕಾದ ಪಾಠ. ಪ್ರಶಸ್ತಿ, ದೊಡ್ಡ ಪತ್ರಿಕೆಯ ಹೆಸರು, ಗುಂಡುನಿರೋಧಕ ಕವಚ ತೊಟ್ಟು ಕ್ಯಾಮೆರಾ ಮುಂದೆ ನಿಲ್ಲುವ ಗತ್ತು ಇವೆಲ್ಲ ಇಂದಿನ ಚಾಮರಗಳು. ಮಾಯಾವಿಗಳಿಗೂ ಅವು ಸುಲಭವಾಗಿ ಸಿಗುತ್ತವೆ. 2003ರಲ್ಲಿ ಡ್ಯುರಾಂಟಿಯ ಪ್ರಶಸ್ತಿಯನ್ನು ಹಿಂಪಡೆಯಬೇಕೆಂಬ ಬೇಡಿಕೆ ಬಂದಾಗ ಪುಲಿಟ್ಜರ್ ಮಂಡಳಿ ಪರಿಶೀಲಿಸಿ ನಿರಾಕರಿಸಿತು. ಪ್ರಶಸ್ತಿ ಸಂದದ್ದು 1931ರ ಲೇಖನಗಳಿಗೆ, ಅವುಗಳಲ್ಲಿ ಉದ್ದೇಶಪೂರ್ವಕ ವಂಚನೆಗೆ ಸ್ಪಷ್ಟ ಪುರಾವೆ ಇಲ್ಲ ಎಂಬುದು ಅದರ ಕಾರಣ. ನಿಯಮದ ದೃಷ್ಟಿಯಿಂದ ಅದು ಸರಿಯಿರಬಹುದು. ಜೋನ್ಸ್ ಮಾತ್ರ ತನ್ನ ಮಾತು ಸ್ಥಾಪಿತವಾಗುವುದನ್ನು ನೋಡಲಿಲ್ಲ. 1935ರಲ್ಲಿ, 30 ತುಂಬುವ ಮೊದಲೇ, ಚೀನಾದ ಉತ್ತರಭಾಗದಲ್ಲಿ ಡಕಾಯಿತರ ಕೈಗೆ ಸಿಕ್ಕಿ ಸತ್ತ.

ಇಲ್ಲಿ ಗಟ್ಟಿಯಾದೊಂದು ಆಕ್ಷೇಪ ಏಳುತ್ತದೆ. ವೈಶೇಷಿಕರೂ ಬೌದ್ಧ ತಾರ್ಕಿಕ ದಿಙ್ನಾಗನೂ ಶಬ್ದವನ್ನು ಬೇರೆಯೇ ಪ್ರಮಾಣವೆಂದು ಒಪ್ಪುವುದಿಲ್ಲ. ಗುರುತುಗಳನ್ನು ಹಿಡಿದು ತರ್ಕದಿಂದ ತಿಳಿಯುವ ಅನುಮಾನ ಪ್ರಮಾಣದಲ್ಲೇ ಅದು ಅಡಗುತ್ತದೆ, ಹೇಳುವವನನ್ನು ನಂಬುವುದಾದರೂ ಅವನ ಬಗ್ಗೆ ನಮಗಿರುವ ಆಧಾರಗಳಿಂದಲೇ ಎಂಬುದು ಅವರ ನಿಲುವು. ಇದರ ಹೊಸ ರೂಪ ಇಂದು ಪತ್ರಿಕೋದ್ಯಮ ಶಾಲೆಗಳಲ್ಲೇ ಬೆಳೆಯುತ್ತಿದೆ: ಉಪಗ್ರಹ ಚಿತ್ರ, ವಿಡಿಯೊದ ನೆರಳು, ಕಟ್ಟಡದ ಆಕಾರ ಇವುಗಳಿಂದಲೇ ನಿಜವನ್ನು ಹೊರತೆಗೆಯಬಹುದಾದರೆ ಯಾರ ಮಾತೂ ಬೇಕಿಲ್ಲ. ಈ ವಿಧಾನದ ಶಕ್ತಿ ದೊಡ್ಡದು. 2018ರಲ್ಲಿ ಇಬ್ಬರು ಹೆಂಗಸರನ್ನೂ ಎರಡು ಮಕ್ಕಳನ್ನೂ ಸೈನಿಕರು ಗುಂಡಿಟ್ಟು ಕೊಲ್ಲುವ ವಿಡಿಯೊವೊಂದು ಹರಡಿದಾಗ, ಅದು ತಮ್ಮ ದೇಶದ್ದಲ್ಲ, ಸುಳ್ಳು ಸುದ್ದಿ ಎಂದು ಕ್ಯಾಮರೂನ್ ಸರ್ಕಾರ ತಳ್ಳಿಹಾಕಿತ್ತು. ಬಿಬಿಸಿಯ ಆಫ್ರಿಕಾ ತನಿಖಾ ತಂಡ ಹಿನ್ನೆಲೆಯ ಬೆಟ್ಟದ ಸಾಲನ್ನು ಉಪಗ್ರಹ ಚಿತ್ರಗಳೊಂದಿಗೆ ಹೋಲಿಸಿ ಜಾಗವನ್ನು ಹಿಡಿಯಿತು. ನೆರಳುಗಳಿಂದ, ಕಟ್ಟಡಗಳಿಂದ ಕಾಲವನ್ನು 2015ಕ್ಕೆ ನಿಲ್ಲಿಸಿತು. ಮುಂದೆ ಸೈನಿಕರಿಗೆ ಶಿಕ್ಷೆಯೂ ಆಯಿತು. ಇದು ಅನುಮಾನ ಪ್ರಮಾಣದ ಗೆಲುವೇ ಹೌದು. ಆದರೂ ಬೆಟ್ಟದ ಸಾಲು ಹೇಳಬಲ್ಲದ್ದು ಎಲ್ಲಿ, ಯಾವಾಗ ಎಂಬುದನ್ನು ಮಾತ್ರ. ಆ ಹೆಂಗಸರು ಯಾರು, ಅವರ ಮನೆಯವರು ಏನು ಅನುಭವಿಸಿದರು, ಆ ಊರಿನಲ್ಲಿ ಸೈನ್ಯಕ್ಕೆ ಹೆದರಿ ಜನ ಹೇಗೆ ಬದುಕಿದರು ಎಂಬುದು ನೆರಳಿನ ಉದ್ದದಿಂದ ತಿಳಿಯುವುದಿಲ್ಲ. ಅದನ್ನು ಒಬ್ಬರು ಹೇಳಬೇಕು, ಇನ್ನೊಬ್ಬರು ಕೇಳಬೇಕು. ಪರೀಕ್ಷೆ ಮಾತನ್ನು ಶುದ್ಧಿ ಮಾಡುತ್ತದೆ. ಮಾತಿನ ಸ್ಥಾನವನ್ನು ತುಂಬುವುದಿಲ್ಲ.  

ಇನ್ನೊಂದು ಆಕ್ಷೇಪ ಜೈನದರ್ಶನದಿಂದಲೇ ಬರುವಂತೆ ತೋರುತ್ತದೆ. ವಸ್ತುವಿಗೆ ಅನೇಕ ಧರ್ಮಗಳಿವೆ, ನೋಡುವವನಿಗೆ ದಕ್ಕುವುದು ಒಂದು ಮುಖ ಮಾತ್ರ ಎಂಬುದು ಅದರ ಅನೇಕಾಂತ ತತ್ತ್ವ. ಹಾಗಿರುವಾಗ ಕಂಡಂತೆ ಹೇಳುವುದು ಎಂಬ ಮಾತೇ ಹುಸಿಯಲ್ಲವೇ? ಆಯ್ಕೆಯಿಲ್ಲದ ವರದಿ ಇಲ್ಲ ಎಂಬುದು ನಿಜ. 1965ರಲ್ಲಿ ಯೊಹಾನ್ ಗಾಲ್ಟುಂಗ್ ಮತ್ತು ಮಾರಿ ರೂಗೆ ಎಂಬ ನಾರ್ವೆಯ ಸಂಶೋಧಕರು ಕಾಂಗೊ, ಕ್ಯೂಬಾ, ಸೈಪ್ರಸ್ ಬಿಕ್ಕಟ್ಟುಗಳ ಸುದ್ದಿಯನ್ನು ತಮ್ಮ ದೇಶದ ನಾಲ್ಕು ಪತ್ರಿಕೆಗಳಲ್ಲಿ ಪರಿಶೀಲಿಸಿ, ದೂರದ ಘಟನೆಯೊಂದು ಸುದ್ದಿಯಾಗುವುದು ಯಾವ ಕಾರಣಗಳಿಂದ ಎಂದು ವಿಂಗಡಿಸಿದರು. ಪ್ರಬಲ ದೇಶಕ್ಕೆ ಸಂಬಂಧಿಸಿರಬೇಕು, ಓದುಗರ ಸಂಸ್ಕೃತಿಗೆ ಹತ್ತಿರವಿರಬೇಕು, ಗೊಂದಲವಿಲ್ಲದೆ ಅರ್ಥವಾಗಬೇಕು, ಕೆಟ್ಟದ್ದಾದರೆ ಇನ್ನೂ ಸುಲಭ. ಅಂತಾರಾಷ್ಟ್ರೀಯ ಪತ್ರಿಕೋದ್ಯಮ ಓದುವ ಯಾವ ವಿದ್ಯಾರ್ಥಿಯೂ ಈ ಪ್ರಬಂಧವನ್ನು ತಪ್ಪಿಸಿಕೊಳ್ಳಲಾರ. ಅದರ ಮಾತು ಎಷ್ಟು ನಿಜವೆಂಬುದನ್ನು 1994ರ ಏಪ್ರಿಲ್ ತೋರಿಸಿತು. ದಕ್ಷಿಣ ಆಫ್ರಿಕಾದಲ್ಲಿ ಮಂಡೇಲಾ ಅವರನ್ನು ಅಧಿಕಾರಕ್ಕೆ ತಂದ ಚುನಾವಣೆಗೆ ಜಗತ್ತಿನ ಪತ್ರಕರ್ತರು ನೆರೆದಿದ್ದರು. ಅದೇ ಖಂಡದ ರುವಾಂಡಾದಲ್ಲಿ ಸುಮಾರು ನೂರು ದಿನಗಳಲ್ಲಿ ಎಂಟು ಲಕ್ಷದಷ್ಟು ಜನರ ಕೊಲೆಯಾಯಿತು. ಅಲ್ಲಿ ವಿದೇಶಿ ವರದಿಗಾರರು ಬೆರಳೆಣಿಕೆಯಷ್ಟು. ಯೋಜನೆ ಹಾಕಿ ನಡೆಸಿದ ನರಮೇಧವನ್ನು ಬುಡಕಟ್ಟು ಜನರ ಹಳೆಯ ಹಗೆ, ಅರಾಜಕತೆ ಎಂದು ಮೊದಲ ವಾರಗಳಲ್ಲಿ ಅನೇಕರು ಬರೆದರು. ಪರಿಚಿತ ಚೌಕಟ್ಟಿನಲ್ಲಿ ಅರ್ಥ ಸುಲಭವಾಗಿ ಸಿಗುತ್ತಿತ್ತು.

ಆದರೆ ಇದರಿಂದ ಎಲ್ಲ ವರದಿಯೂ ಒಂದೇ ತೂಕದ್ದು ಎಂಬ ತೀರ್ಮಾನಕ್ಕೆ ಬರುವುದು ಅನೇಕಾಂತವನ್ನು ತಪ್ಪಾಗಿ ತಿಳಿದಂತೆ. ವಸ್ತುವಿನ ಒಂದು ಮುಖವನ್ನು ಹಿಡಿಯುವ ನೋಟಕ್ಕೆ ಜೈನರು ನಯ ಎನ್ನುತ್ತಾರೆ. ಉಳಿದ ನೋಟಗಳನ್ನು ಲೆಕ್ಕಿಸದೆ ತಾನೇ ಪೂರ್ಣವೆಂದು ನಿಲ್ಲುವ ನಯ ಮಿಥ್ಯೆ, ಇತರ ನೋಟಗಳ ಅಪೇಕ್ಷೆ ಉಳಿಸಿಕೊಂಡದ್ದು ಸತ್ಯಕ್ಕೆ ಒದಗುವಂಥದ್ದು ಎಂಬ ಭೇದವನ್ನು ಆಪ್ತಮೀಮಾಂಸೆಯ ಕೊನೆಯ ಭಾಗದಲ್ಲಿ ಸಮಂತಭದ್ರರೇ ಮಾಡುತ್ತಾರೆ. ಜೋನ್ಸ್ ನಡೆದದ್ದು ಕೆಲವೇ ಹಳ್ಳಿಗಳಲ್ಲಿ. ತಾನು ನೋಡಿದ ಜಾಗ ಯಾವುದು, ಬೇರೆ ಪ್ರದೇಶಗಳ ವಿಷಯ ಯಾರಿಂದ ತಿಳಿಯಿತು ಎಂಬುದನ್ನು ಆತ ಬಿಡಿಸಿ ಹೇಳಿದ; ತನ್ನನ್ನು ಅಲ್ಲಗಳೆದಾಗಲೂ ನ್ಯೂಯಾರ್ಕ್ ಟೈಮ್ಸ್ ಸಂಪಾದಕರಿಗೆ ಬರೆದ ಪತ್ರದಲ್ಲಿ ತನ್ನ ಆಧಾರಗಳನ್ನು ಒಂದೊಂದಾಗಿ ಮುಂದಿಟ್ಟ. ಅದು ನಯ. ಇಡೀ ದೇಶದ ಬಗ್ಗೆ ಮಾಸ್ಕೊದಿಂದ ತೀರ್ಪು ಕೊಟ್ಟದ್ದು ದುರ್ನಯ, ಅಂದರೆ ಮಿಥ್ಯೆಯಾದ ನಯ. ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಎರಡೂ ಕಡೆಯ ಅಭಿಪ್ರಾಯ ಕೊಟ್ಟಿದ್ದೇವೆ ಎನ್ನುವ ಸಮತೋಲನಕ್ಕೆ ದರ್ಶನದ ಬೆಂಬಲವಿಲ್ಲ. ಹಸಿದು ಸತ್ತವರು ಇದ್ದರೋ ಇಲ್ಲವೋ ಎಂಬುದು ದೃಷ್ಟಿಕೋನದ ಪ್ರಶ್ನೆಯಲ್ಲ. ತರಗತಿಯಲ್ಲಿ ಸಮತೋಲನವನ್ನು ಕಲಿಸುವಷ್ಟೇ ಒತ್ತು ಕೊಟ್ಟು, ತನ್ನ ಅರಿವಿನ ಗಡಿ ಎಲ್ಲಿದೆ ಎಂದು ವಾಕ್ಯದೊಳಗೇ ಗುರುತಿಸುವ ಶಿಸ್ತನ್ನೂ ಕಲಿಸಬೇಕು.

ಇಲ್ಲಿಂದ, ಋಷಿಗೂ ಮ್ಲೇಚ್ಛನಿಗೂ ಅಳತೆಗೋಲು ಒಂದೇ ಎಂಬ ವಾತ್ಸ್ಯಾಯನನ ಆ ಕೊನೆಯ ಮಾತಿಗೆ ಬರುತ್ತೇನೆ, ಯಾಕೆಂದರೆ ವಿದೇಶಿ ಪತ್ರಿಕೋದ್ಯಮ ಅತಿ ಹೆಚ್ಚು ಸೋತಿರುವುದು ಅಲ್ಲೇ. 1943ರ ಬಂಗಾಳದ ಬರಗಾಲದಲ್ಲಿ, ಯುದ್ಧಕಾಲದ ಸೆನ್ಸಾರ್ ನಡುವೆಯೂ, ಕಲ್ಕತ್ತೆಯ ಬ್ರಿಟಿಷ್ ಒಡೆತನದ ಸ್ಟೇಟ್ಸ್‌ಮನ್ ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಆಗಸ್ಟ್ 22ರಂದು ಬೀದಿಯಲ್ಲಿ ಸಾಯುತ್ತಿದ್ದವರ ಫೋಟೊಗಳನ್ನು ಅಚ್ಚು ಹಾಕಿದ. ದೆಹಲಿ, ಲಂಡನ್‌ಗಳಲ್ಲಿ ಅದುವರೆಗೆ ಮುಚ್ಚಿಟ್ಟಿದ್ದು ಬಯಲಾಯಿತು. ಸ್ಟೀಫನ್ಸ್ ಮಾಡಿದ್ದು ನಿಜಕ್ಕೂ ಧೈರ್ಯದ ಕೆಲಸ. ಅದು ಅನೇಕ ಜೀವಗಳನ್ನು ಉಳಿಸಿತೆಂದು ಅಮರ್ತ್ಯ ಸೇನ್ ಮತ್ತೆ ಮತ್ತೆ ನೆನೆದಿದ್ದಾರೆ. ಅದೇ ವರ್ಷದ ಕೊನೆಗೆ ಚಿತ್ತಪ್ರಸಾದ್ ಎಂಬ ಬಂಗಾಳಿ ಕಲಾವಿದ ಮಿದ್ನಾಪುರದ ಹಳ್ಳಿಗಳಲ್ಲಿ ಅಲೆದು, ಕಂಡದ್ದನ್ನು ಬರೆದು, ಚಿತ್ರಿಸಿ, ಹಂಗ್ರಿ ಬೆಂಗಾಲ್ ಎಂಬ ಪುಸ್ತಿಕೆ ತಂದ. ಸರ್ಕಾರ ಅದರ ಪ್ರತಿಗಳನ್ನು ವಶಪಡಿಸಿಕೊಂಡು ನಾಶಮಾಡಿತು. ಸತ್ಯ ಒಂದೇ, ಕಂಡವರು ಇಬ್ಬರು. ಒಬ್ಬನ ಮಾತು ಅಧಿಕಾರದ ಕಿವಿ ಮುಟ್ಟಿತು, ಇನ್ನೊಬ್ಬನದು ಬೆಂಕಿಗೆ ಹೋಯಿತು. ಆಳುವವರ ಸರಿಕನಾದವನ ಸಾಕ್ಷ್ಯಕ್ಕೂ ಆಳಿಸಿಕೊಳ್ಳುವವನ ಸಾಕ್ಷ್ಯಕ್ಕೂ ಬೇರೆ ಬೇರೆ ತಕ್ಕಡಿ ಹಿಡಿದದ್ದು ಸೆನ್ಸಾರ್ ಅಧಿಕಾರಿಗಳು ಮಾತ್ರವಲ್ಲ. ದೂರದ ಓದುಗರೂ ಹಾಗೆಯೇ ಮಾಡುತ್ತ ಬಂದಿದ್ದಾರೆ.

ಈ ಅಸಮತೆ ಇಂದು ಕಸುಬಿನ ಏರ್ಪಾಡಿನಲ್ಲೇ ಬೇರುಬಿಟ್ಟಿದೆ. ಹೊರಗಿನ ವರದಿಗಾರ ಬಂದಿಳಿದಾಗ ಅವನಿಗೆ ದಾರಿ ತೋರಿಸುವವರು, ಭಾಷಾಂತರಿಸುವವರು, ಯಾರನ್ನು ಕಾಣಬೇಕೆಂದು ಹೇಳುವವರು ಫಿಕ್ಸರ್ ಎಂದು ಕರೆಸಿಕೊಳ್ಳುವ ಅಲ್ಲಿಯ ಪತ್ರಕರ್ತರು. ಪ್ರತ್ಯಕ್ಷ ಅವರದು, ಭಾಷೆ ಅವರದು, ಅಪಾಯದ ಹೆಚ್ಚಿನ ಪಾಲೂ ಅವರದು. ಬೈಲೈನ್ ಮಾತ್ರ ಬಂದವನದು. ಲೋಕದಲ್ಲಿ ಕೆಲಸ ಮಾಡುತ್ತಲೇ ಕೊಲೆಯಾಗುವ ಪತ್ರಕರ್ತರಲ್ಲಿ ಬಹುಪಾಲು ಸ್ಥಳೀಯರು. 2023ರ ಅಕ್ಟೋಬರ್ ನಂತರ ಗಾಜಾ ಪಟ್ಟಿಗೆ ವಿದೇಶಿ ಪತ್ರಕರ್ತರು ಸ್ವತಂತ್ರವಾಗಿ ಹೋಗದಂತೆ ಇಸ್ರೇಲ್ ತಡೆದಾಗ ಈ ಪ್ರಶ್ನೆ ನೇರವಾಗಿ ಎದುರಾಯಿತು: ಅಲ್ಲಿಂದ ಬಂದ ಮಾತು ಬಹುಪಾಲು ಪ್ಯಾಲೆಸ್ತೀನ್ ಪತ್ರಕರ್ತರದು. ಅವರು ಅಲ್ಲಿಯವರೇ, ಅವರ ಮನೆಗಳೇ ಉರುಳಿವೆ, ರಾಗದ್ವೇಷವಿಲ್ಲದೆ ಹೇಗೆ ಬರೆದಾರು ಎಂಬ ಸಂಶಯ ಕೇಳಿಬಂತು. ತಳ್ಳಿಹಾಕುವಂಥ ಸಂಶಯ ಅದಲ್ಲ. ಯಾತನೆ ಕಣ್ಣನ್ನು ಮಂಜು ಮಾಡಬಲ್ಲದು, ಆಯುಧ ಹಿಡಿದವರ ಭಯ ಬಾಯಿ ಕಟ್ಟಬಲ್ಲದು. ಆದರೆ ವಾತ್ಸ್ಯಾಯನ ಕೇಳುವುದು ಹೇಳುವವನಿಗೆ ನೋವಾಗಿದೆಯೇ ಎಂದಲ್ಲ, ಕಂಡಂತೆ ಹೇಳುತ್ತಿದ್ದಾನೆಯೇ ಎಂದು. ಅದನ್ನು ಪರೀಕ್ಷಿಸುವ ದಾರಿಗಳಿವೆ. ಒಂದೇ ಘಟನೆಯ ಹಲವು ಸಾಕ್ಷ್ಯಗಳನ್ನು ಹೋಲಿಸಬಹುದು, ಹಿಂದೆ ಹೇಳಿದ್ದು ನಿಂತಿದೆಯೇ ಎಂದು ನೋಡಬಹುದು. ಇದೇ ಪರೀಕ್ಷೆ ಹೊರಗಿನವನಿಗೂ ಅಷ್ಟೇ ಅಗತ್ಯ. ನಿರ್ಲಿಪ್ತನೆಂದು ಎಣಿಸಲಾಗಿದ್ದ ಡ್ಯುರಾಂಟಿಗೂ ಮಾಸ್ಕೊದಲ್ಲಿ ಕಳೆದುಕೊಳ್ಳುವುದು ಸಾಕಷ್ಟಿತ್ತು.

ಅಂತಾರಾಷ್ಟ್ರೀಯ ಸುದ್ದಿಯ ಈ ಅಸಮತೆಯನ್ನು ರಾಷ್ಟ್ರಗಳ ಮಟ್ಟದಲ್ಲಿ ಸರಿಪಡಿಸುವ ಪ್ರಯತ್ನವೂ ಒಮ್ಮೆ ನಡೆಯಿತು. ಯುನೆಸ್ಕೊ ನೇಮಿಸಿದ, ಐರ್ಲೆಂಡಿನ ಶಾನ್ ಮ್ಯಾಕ್‌ಬ್ರೈಡ್ ಅಧ್ಯಕ್ಷತೆಯ ಆಯೋಗ 1980ರಲ್ಲಿ ವರದಿ ಕೊಟ್ಟಿತು, ಭಾರತದ ಬಿ.ಜಿ. ವರ್ಗೀಸ್ ಅದರ ಸದಸ್ಯರಾಗಿದ್ದರು, ಕೊಲಂಬಿಯಾದ ಕಾದಂಬರಿಕಾರ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕ್ವೆಸ್ ಕೂಡ. ಸುದ್ದಿ ಕೆಲವೇ ಶ್ರೀಮಂತ ದೇಶಗಳ ಸಂಸ್ಥೆಗಳಿಂದ ಒಂದೇ ದಿಕ್ಕಿಗೆ ಹರಿಯುತ್ತಿದೆ ಎಂಬ ಅದರ ರೋಗನಿರ್ಣಯ ಸರಿಯಾಗಿತ್ತು. ಆದರೆ ಈ ವಾದದ ಮೇಲಿನ ಸಿಟ್ಟೂ ಸೇರಿ, ಅಮೆರಿಕ 1984ರ ಕೊನೆಗೆ, ಬ್ರಿಟನ್ ಅದರ ಮರುವರ್ಷ ಯುನೆಸ್ಕೊದಿಂದಲೇ ಹೊರನಡೆದವು. ಅವರ ಸಿಟ್ಟಿನ ಹಿಂದೆ ಸ್ವಾರ್ಥವಿತ್ತೆಂಬುದು ನಿಜ. ಬಡದೇಶಗಳ ಧ್ವನಿ ಎಂಬ ಹೆಸರಿನಲ್ಲಿ ಸರ್ವಾಧಿಕಾರಿ ಸರ್ಕಾರಗಳು ತಮ್ಮ ಪ್ರಕಟಣೆಗಳನ್ನೇ ಸುದ್ದಿ ಎಂದು ದಾಟಿಸಲು ನೋಡುತ್ತಿದ್ದವು ಎಂಬುದೂ ಅಷ್ಟೇ ನಿಜ. ಆಪ್ತಲಕ್ಷಣ ವ್ಯಕ್ತಿಗೆ ಸಲ್ಲುವಂಥದ್ದು. ಒಂದು ದೇಶದ ಸರ್ಕಾರ ಆ ದೇಶದ ಹಸಿದವನ ಪರವಾಗಿ ತಾನೇ ಆಪ್ತನೆಂದು ಹೇಳಿಕೊಳ್ಳಲು ಬರುವುದಿಲ್ಲ. 1933ರಲ್ಲಿ ಉಕ್ರೇನಿನ ರೈತನ ಬಾಯಿಯನ್ನು ಕಟ್ಟಿದ್ದು ಅವನನ್ನು ಆಳುತ್ತಿದ್ದ ಸರ್ಕಾರವೇ.

ಉಳಿದಿರುವುದು ಅತ್ಯಂತ ವ್ಯಾವಹಾರಿಕವಾದ ಆಕ್ಷೇಪ. ಕಂಡಂತೆ ಹೇಳುವ ಇಚ್ಛೆ ಚಾರಿತ್ರ್ಯಕ್ಕೆ ಸೇರಿದ್ದು. ಅದನ್ನು ವಿಶ್ವವಿದ್ಯಾಲಯ ಕಲಿಸಬಲ್ಲದೇ? ಪತ್ರಕರ್ತರು ಹುಟ್ಟಿನಿಂದ ಆಗುವವರು, ಕಲಿಕೆಯಿಂದಲ್ಲ ಎಂಬ ಮಾತು ನೂರು ವರ್ಷಕ್ಕಿಂತ ಹಳೆಯದು. 1904ರಲ್ಲಿ ಅಮೆರಿಕದ ಪತ್ರಿಕೆಗಳ ಒಡೆಯ ಜೋಸೆಫ್ ಪುಲಿಟ್ಜರ್ ದೀರ್ಘ ಲೇಖನವೊಂದರಲ್ಲಿ ಇದಕ್ಕೆ ಉತ್ತರ ಕೊಟ್ಟ. ಅವನು ಬಿಟ್ಟುಹೋದ ಹಣದಿಂದ 1912ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆ ತೆರೆಯಿತು. ತರಗತಿ ಯಾರನ್ನೂ ಪ್ರಾಮಾಣಿಕನನ್ನಾಗಿ ಮಾಡಲಾರದು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಪ್ರಾಮಾಣಿಕನಾಗಿರಲು ಬಯಸುವವನಿಗೂ ಸಾಧನ ಬೇಕು. ಜೋನ್ಸ್‌ಗೆ ರಷ್ಯನ್ ಬಾರದೇ ಇದ್ದಿದ್ದರೆ ಅವನ ಸದಿಚ್ಛೆ ಆ ಹಳ್ಳಿಗಳಲ್ಲಿ ಏನೂ ಕೆಲಸಕ್ಕೆ ಬರುತ್ತಿರಲಿಲ್ಲ. ಸರ್ಕಾರ ಕೊಟ್ಟ ದುಭಾಷಿಯ ಬಾಯಿಂದ ಅವನೂ ಸುಳ್ಳನ್ನೇ ಕೇಳುತ್ತಿದ್ದ. ಈ ದೃಷ್ಟಿಯಿಂದ ನೋಡಿದರೆ, ಅಂತಾರಾಷ್ಟ್ರೀಯ ಪತ್ರಿಕೋದ್ಯಮದ ಪದವಿಗಳ ದೊಡ್ಡ ಕೊರತೆ ಭಾಷೆಯದು. ಇಡೀ ತರಗತಿಯನ್ನು ಇಂಗ್ಲಿಷಿನಲ್ಲಿ ನಡೆಸಿ, ಇಂಗ್ಲಿಷಿನಲ್ಲೇ ಪ್ರಬಂಧ ಬರೆಸಿ, ವಿದ್ಯಾರ್ಥಿ ವರದಿ ಮಾಡಲಿರುವ ಜನರ ಒಂದು ಭಾಷೆಯನ್ನೂ ಕಲಿಸದೆ ಅಂತಾರಾಷ್ಟ್ರೀಯ ಎಂಬ ವಿಶೇಷಣ ಕೊಡುವುದು ಸರಿಯಲ್ಲ. ಭಾಷೆ ಬಂದವನಿಗೆ ಸಾಕ್ಷಿಯೊಡನೆ ನೇರ ಸಂಬಂಧ ಸಿಗುತ್ತದೆ, ಅವನ ಹಿಂಜರಿಕೆ ಕೇಳಿಸುತ್ತದೆ. ಇದರ ಜೊತೆಗೆ ಒಂದು ದೇಶದ ಇತಿಹಾಸ, ಕೃಷಿ, ಕಾನೂನು ಇವುಗಳನ್ನು ಆಳವಾಗಿ ಓದಿಸಬೇಕು. ಕ್ಯಾಮೆರಾ ನಡೆಸುವುದನ್ನು ಕೆಲಸಕ್ಕೆ ಸೇರಿದ ಮೇಲೆ ಕೆಲವೇ ತಿಂಗಳಲ್ಲಿ ಕಲಿಯಬಹುದು.

ದೂರದ ದುಃಖವನ್ನು ಅರಿತು ಮಾಡುವುದಾದರೂ ಏನು, ಅದು ಓದುಗನಿಗೆ ಬೆಳಗಿನ ಕಾಫಿಯ ಜೊತೆಗಿನ ಕರುಣೆಯಷ್ಟೇ ತಾನೆ ಎಂದು ಕೇಳುವವರಿದ್ದಾರೆ. ಸ್ಟೇಟ್ಸ್‌ಮನ್ ಪತ್ರಿಕೆಯ ಫೋಟೊಗಳು ಇದಕ್ಕೆ ಆಗಲೇ ಉತ್ತರ ಕೊಟ್ಟಿವೆ. ನಮ್ಮ ನಾಡಿನ ಮಟ್ಟಿಗೆ ದೂರ ಎಂಬುದಕ್ಕೂ ಬೇರೆ ಅರ್ಥವಿದೆ. ಉಡುಪಿ, ಮಂಗಳೂರು, ಭಟ್ಕಳದ ಎಷ್ಟೋ ಮನೆಗಳಲ್ಲಿ ಕೊಲ್ಲಿ ದೇಶಗಳ ಸುದ್ದಿ ವಿದೇಶದ ಸುದ್ದಿಯಲ್ಲ, ಮಗನ ಸುದ್ದಿ, ಗಂಡನ ಸುದ್ದಿ. ಆದರೂ ಕನ್ನಡ ಪತ್ರಿಕೆಗಳ ವಿದೇಶ ಪುಟ ತುಂಬುವುದು ಬಹುಪಾಲು ಸುದ್ದಿಸಂಸ್ಥೆಗಳ ಇಂಗ್ಲಿಷ್ ಕಾಪಿಯಿಂದ. ಅರಬಿಯಲ್ಲಿ ಹೇಳಿದ್ದನ್ನು ಇಂಗ್ಲಿಷಿಗೆ ತಂದು, ಅದನ್ನು ರಾತ್ರಿ ಪಾಳಿಯ ಉಪಸಂಪಾದಕರು ಗಡಿಬಿಡಿಯಲ್ಲಿ ಕನ್ನಡಿಸುವ ಹೊತ್ತಿಗೆ ಕಂಡವನು ಯಾರೆಂಬುದೇ ಅಳಿಸಿಹೋಗಿರುತ್ತದೆ. ಅಂತಾರಾಷ್ಟ್ರೀಯ ಪತ್ರಿಕೋದ್ಯಮ ಓದಲು ಹೊರಡುವ ಕನ್ನಡದ ಹುಡುಗ ಹುಡುಗಿಯರಲ್ಲಿ ನನ್ನ ಕೋರಿಕೆ ಇದು: ವಿಶ್ವವಿದ್ಯಾಲಯದ ಹೆಸರನ್ನು ಆರಿಸುವ ಮೊದಲು ಭಾಷೆಯೊಂದನ್ನು ಆರಿಸಿ, ಅರಬಿ ಇರಲಿ, ಸಿಂಹಳ ಇರಲಿ, ಬರ್ಮೀಸ್ ಇರಲಿ, ಅದನ್ನು ಚೆನ್ನಾಗಿ ಕಲಿಯಿರಿ. ನಮ್ಮ ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳು ನೆರೆದೇಶದ ಒಂದು ಭಾಷೆಯನ್ನಾದರೂ ಪಠ್ಯಕ್ಕೆ ಸೇರಿಸಲಿ. ಸಂಪಾದಕರು ಏಜೆನ್ಸಿಯ ಹೆಸರಿನ ಜೊತೆಗೆ, ಸಿಕ್ಕಾಗಲೆಲ್ಲ, ಸ್ಥಳದಲ್ಲಿದ್ದು ವರದಿ ಮಾಡಿದ ಪತ್ರಕರ್ತನ ಹೆಸರನ್ನೂ ಅಚ್ಚು ಹಾಕಲಿ. ಇದಕ್ಕೆ ಬೇಕಾಗುವುದು ಒಂದು ಸಾಲಿನ ಜಾಗ.